ಕ್ಯೂಬ್ ಬಿಡಿಸಿಕೊಡುವ ಆ್ಯಪ್‌ಗೆ ಚಂದಾ ಕಟ್ಟುವ ಮುನ್ನ

ರೂಬಿಕ್ಸ್ ಕ್ಯೂಬ್ ಬಿಡಿಸಿಕೊಡುವುದಾಗಿ ಹೇಳಿಕೊಳ್ಳುವ ಒಂದು ಮೊಬೈಲ್ ಆ್ಯಪ್‌ನಿಂದಾಗಿ ಕಳೆದ ತಿಂಗಳು ನಾನು ಎರಡು ವಾರದ ಚಂದಾ ಹಣವನ್ನೂ ಒಂದು ರಾತ್ರಿಯ ನಿದ್ದೆಯನ್ನೂ ಕಳೆದುಕೊಂಡೆ. ಆ್ಯಪ್‌ನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇದೇ ಅಚ್ಚಿನ ಆ್ಯಪ್‌ಗಳು ಬೇರೆ ಬೇರೆ ಹೆಸರಿನಲ್ಲಿ ಸಿಗುವುದರಿಂದ, ಹೆಸರಿಗಿಂತ ಅವುಗಳ ವರಸೆಯನ್ನು ಗುರುತಿಟ್ಟುಕೊಳ್ಳುವುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮಗಳ ಕ್ಯೂಬ್ ಕೈಜಾರಿ ನೆಲಕ್ಕೆ ಬಿದ್ದು ಒಂದು ಮೂಲೆಯ ತುಂಡು ಹಾಗೂ ಎರಡು ಅಂಚಿನ ತುಂಡುಗಳು ಕಳಚಿಕೊಂಡವು. ಯಾವುದು ಎಲ್ಲಿ, ಯಾವ ದಿಕ್ಕಿಗೆ ಮುಖಮಾಡಿತ್ತೆಂದು ಯಾರೂ ಗಮನಿಸಿರಲಿಲ್ಲವಾದ್ದರಿಂದ, ಖಾಲಿ ಜಾಗಗಳಿಗೆ ಹೇಗೆ ಹೊಂದಿದವೋ ಹಾಗೆ ಒತ್ತಿ ಕೂರಿಸಿದೆ. ಕಲಸಿಹೋಗಿದ್ದ ಬಣ್ಣಗಳನ್ನು ಮಲಗುವುದರೊಳಗೆ ಸರಿಪಡಿಸಿಕೊಡಲೇಬೇಕೆಂದು ಅವಳು ಹಟ ಹಿಡಿದಾಗ ಫೋನಿನಲ್ಲಿ ಹುಡುಕಿ, ಮೊದಲು ಕಂಡ ಆ್ಯಪ್ ಒಂದನ್ನು ಇಳಿಸಿಕೊಂಡೆ.

ತೆರೆದ ಕೂಡಲೇ ಅದು ಕ್ಯಾಮೆರಾದ ಅನುಮತಿ ಕೇಳಿತು. ಅದು ನ್ಯಾಯವೇ, ಆರು ಮುಖಗಳನ್ನೂ ನೋಡದೆ ಅದು ಬಿಡಿಸುವುದಾದರೂ ಏನನ್ನು? ಆದರೆ ಅದರ ಹಿಂದೆಯೇ ಸಂಪರ್ಕಗಳ ಪಟ್ಟಿಯನ್ನು ಕೇಳಿತು. ಆಮೇಲೆ, ಬೇರೆ ಆಟಗಳ ಪರದೆಯ ಮೇಲೂ ಉತ್ತರ ತೋರಿಸುವ ನೆಪದಲ್ಲಿ ಆ್ಯಕ್ಸೆಸಿಬಿಲಿಟಿ ಅನುಮತಿಯನ್ನು ಕೇಳಿತು. ಈ ಕೊನೆಯ ಅನುಮತಿ ಸಿಕ್ಕ ಆ್ಯಪ್, ಪರದೆಯ ಮೇಲೆ ಮೂಡುವ ಅಕ್ಷರಗಳನ್ನು ಓದಬಲ್ಲದು ಮತ್ತು ನಮ್ಮ ಪರವಾಗಿ ಗುಂಡಿಗಳನ್ನು ಒತ್ತಬಲ್ಲದು. ದೃಷ್ಟಿ ಮಂದವಾದವರಿಗೂ ಕೈಬೆರಳು ಆಡದವರಿಗೂ ನೆರವಾಗಲೆಂದು ಮಾಡಿದ ಏರ್ಪಾಡು ಅದು. ಎರಡನ್ನೂ ನಿರಾಕರಿಸಿದೆ. ಆ ರಾತ್ರಿ ನಾನು ಮಾಡಿದ ಒಂದೇ ಬುದ್ಧಿವಂತಿಕೆಯ ಕೆಲಸ ಅದು.

ಒಂದೊಂದು ಮುಖದ ಚಿತ್ರ ತೆಗೆದಾಗಲೂ ಒಂದೊಂದು ಜಾಹೀರಾತು ಬಂತು. ದೀಪದ ಹಳದಿ ಬೆಳಕಿನಲ್ಲಿ ಕೆಂಪು ಯಾವುದು, ಕಿತ್ತಳೆ ಯಾವುದು ಎಂಬುದು ಅದಕ್ಕೆ ತಿಳಿಯಲಿಲ್ಲ. ಹತ್ತು ಕೆಂಪು, ಎಂಟು ಕಿತ್ತಳೆ ಚೌಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಸುಮ್ಮನೆ ಮುಂದಕ್ಕೆ ಹೋಯಿತು. ಕ್ಯೂಬಿನ 54 ಚೌಕಗಳಲ್ಲಿ ಪ್ರತಿ ಬಣ್ಣವೂ ಒಂಬತ್ತೊಂಬತ್ತು ಬಾರಿಯೇ ಇರಬೇಕೆಂಬುದನ್ನು ಎಣಿಸಿ ನೋಡದ ಆ್ಯಪ್ ಅದೆಂದು ನಾನು ಆಗಲೇ ತಿಳಿದುಕೊಳ್ಳಬೇಕಿತ್ತು. ತಪ್ಪಾದ ಚೌಕವನ್ನು ನಾನೇ ತಿದ್ದಿದೆ. ಬಳಿಕ ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತ ಸುತ್ತುತ್ತ 99ರಲ್ಲಿ ನಿಂತು, ನನ್ನ ಕ್ಯೂಬ್ ಬಹಳ ಕಠಿಣವಾದದ್ದೆಂದೂ, ಅದನ್ನು ಬಿಡಿಸಲು ಚಂದಾದಾರರಿಗೆ ಮೀಸಲಾದ ವಿಶೇಷ ಗಣನೆಯೇ ಬೇಕೆಂದೂ ಹೇಳಿತು. ಕೆಳಗೆ ‘ಮೂರು ದಿನ ಉಚಿತ’ ಎಂಬ ಅಗಲವಾದ ಹಸಿರು ಗುಂಡಿ. ಅದರಡಿಯಲ್ಲಿ, ನಾಲ್ಕನೆಯ ದಿನದಿಂದ ವಾರವಾರವೂ ಹಣ ಕಡಿತವಾಗುವುದೆಂಬ ಮಾತು ಬಿಳಿಯ ಮೇಲೆ ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ. ಗುಂಡಿ ಒತ್ತಿದೆ.

ಅದು ಕೊಟ್ಟ ಉತ್ತರ 137 ತಿರುವುಗಳದ್ದು. ಪದರ ಪದರವಾಗಿ ಜೋಡಿಸಲು ಹೊಸದಾಗಿ ಕಲಿತವರಿಗೆ ನೂರಕ್ಕೂ ಹೆಚ್ಚು ತಿರುವುಗಳು ಬೇಕಾಗುವುದು ಸಹಜ. ಆದರೆ ಕ್ಯೂಬ್ ಎಷ್ಟೇ ಕಲಸಿದ್ದರೂ 20 ಅಥವಾ ಅದಕ್ಕಿಂತ ಕಡಿಮೆ ತಿರುವುಗಳಲ್ಲಿ ಬಿಡಿಸಬಹುದೆಂಬುದು 2010ರಲ್ಲೇ ಸಾಬೀತಾಗಿದೆ. ಹರ್ಬರ್ಟ್ ಕೊಸೀಂಬಾ ಅವರು 1992ರಲ್ಲಿ ರೂಪಿಸಿದ ಎರಡು ಹಂತಗಳ ಕ್ರಮವನ್ನು ಬಳಸುವ ಉಚಿತ ತಂತ್ರಾಂಶಗಳು ಅದರ ಆಸುಪಾಸಿನ ಉತ್ತರವನ್ನು ಸಾಧಾರಣ ಫೋನಿನಲ್ಲೂ ಕಣ್ಣು ಮಿಟುಕಿಸುವುದರೊಳಗೆ ಕೊಡುತ್ತವೆ. ಅದಕ್ಕೆ ಇಂಟರ್ನೆಟ್ ಕೂಡ ಬೇಕಿಲ್ಲ. ನಾನು ಹಣ ತೆತ್ತದ್ದು ಹೊಸಬರ ವಿಧಾನಕ್ಕೆ ಅಂಟಿಸಿದ ದೊಡ್ಡ ಹೆಸರಿಗೆ.

ಆ 137 ತಿರುವುಗಳನ್ನೂ ಒಂದೊಂದಾಗಿ ಮಾಡಿದೆವು. ನಡುವೆ ಎರಡು ಬಾರಿ ತಪ್ಪಿ ಮೊದಲಿನಿಂದ ಆರಂಭಿಸಿದ್ದೂ ಆಯಿತು. ಕೊನೆಯಲ್ಲಿ ಎಲ್ಲ ಬಣ್ಣಗಳೂ ಕೂಡಿಬಂದು, ಒಂದೇ ಒಂದು ಮೂಲೆ ಮಾತ್ರ ಅಡ್ಡ ತಿರುಗಿಕೊಂಡು ಉಳಿಯಿತು. ಆ್ಯಪ್ ಪರದೆಯ ತುಂಬ ಬಣ್ಣದ ಕಾಗದ ಚೂರುಗಳನ್ನು ಹಾರಿಸಿ ಅಭಿನಂದನೆ ಹೇಳಿತು. ಮಗಳು ತಾಳ್ಮೆಗೆಟ್ಟು ಆ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹೊರಳಿಸಿಬಿಟ್ಟಳು. ಟಕ್ಕೆಂದು ಸರಿಯಾಗಿ ಕೂತಿತು. “ಇಷ್ಟೇ ಅಲ್ವಾ ಅಪ್ಪಾ?” ಎಂದಳು.

ನಿಜಕ್ಕೂ ಅಷ್ಟೇ. ಕಳಚಿದ ತುಂಡುಗಳನ್ನು ಮನಬಂದಂತೆ ಕೂರಿಸಿದರೆ ಆ ಕ್ಯೂಬ್ ಬರಿಯ ತಿರುವುಗಳಿಂದ ಬಿಡಿಸಲು ಬರುವಂತಿರುವ ಸಂಭವ ಹನ್ನೆರಡರಲ್ಲಿ ಒಂದು ಮಾತ್ರ: ಮೂಲೆಯ ದಿಕ್ಕಿಗೆ ಮೂರರಲ್ಲಿ ಒಂದು, ಅಂಚುಗಳ ದಿಕ್ಕಿಗೆ ಎರಡರಲ್ಲಿ ಒಂದು, ಅವುಗಳ ಸ್ಥಾನಕ್ಕೆ ಎರಡರಲ್ಲಿ ಒಂದು. ಬಣ್ಣಗಳನ್ನು ಓದಿಕೊಂಡ ಕ್ಷಣದಲ್ಲೇ ಇದನ್ನು ಪರೀಕ್ಷಿಸುವುದು ಚಿಕ್ಕ ಲೆಕ್ಕ. ಚಂದಾ ಕೇಳುವ ಮೊದಲೇ ‘ಒಂದು ಮೂಲೆ ತಪ್ಪಾಗಿ ಕೂತಿದೆ’ ಎಂದು ಆ ಆ್ಯಪ್ ಹೇಳಬಹುದಾಗಿತ್ತು.

ಮರುದಿನವೇ ಅದನ್ನು ಫೋನಿನಿಂದ ತೆಗೆದುಹಾಕಿ ವಿಷಯ ಮುಗಿಯಿತೆಂದುಕೊಂಡೆ. ಇಲ್ಲಿಯೇ ನಾನು ಎಡವಿದ್ದು. ಆ್ಯಪ್ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ನಾಲ್ಕನೆಯ ದಿನ ಹಣ ಕಡಿತವಾದ ಸಂದೇಶ ಬಂದದ್ದನ್ನು ಬೇರಾವುದೋ ಬಾಕಿಯೆಂದು ಭಾವಿಸಿ ಬಿಟ್ಟೆ. ಮುಂದಿನ ವಾರ ಅಷ್ಟೇ ಮೊತ್ತ ಮತ್ತೆ ಹೋದಾಗ ಎಚ್ಚರವಾಯಿತು. ಆಂಡ್ರಾಯ್ಡ್ ಫೋನಿನಲ್ಲಿ ಪ್ಲೇ ಸ್ಟೋರ್ ತೆರೆದು, ಮೇಲ್ಗಡೆಯ ನಿಮ್ಮ ಚಿತ್ರವನ್ನು ಒತ್ತಿ, ಪಾವತಿ ಮತ್ತು ಚಂದಾಗಳ ವಿಭಾಗಕ್ಕೆ ಹೋಗಿ ರದ್ದುಮಾಡಬೇಕು; ಐಫೋನಿನಲ್ಲಾದರೆ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರಿನಡಿ ಚಂದಾಗಳ ಪಟ್ಟಿ ಸಿಗುತ್ತದೆ, ಮತ್ತು ಉಚಿತ ಅವಧಿ ಮುಗಿಯಲು ಕನಿಷ್ಠ 24 ಗಂಟೆ ಇರುವಾಗಲೇ ಅಲ್ಲಿ ರದ್ದುಮಾಡಬೇಕು. ಹಣ ಹಿಂತಿರುಗಿಸಲು ಕೋರಿ ಆ್ಯಪ್ ತಯಾರಕರಿಗೆ ಬರೆದ ಎರಡು ಪತ್ರಗಳಿಗೂ ಉತ್ತರ ಬರಲಿಲ್ಲ.

ರದ್ದುಮಾಡಿದ ಮೇಲೂ ಕಟ್ಟಿದ ವಾರದ ಎರಡು ದಿನಗಳು ಬಾಕಿಯಿದ್ದವು. ಕುತೂಹಲಕ್ಕೆ ಆ್ಯಪ್ಅನ್ನು ಮತ್ತೆ ಇಳಿಸಿಕೊಂಡು, ಪೂರ್ತಿ ಜೋಡಿಸಿದ ಕ್ಯೂಬಿನ ಒಂದೇ ಮೂಲೆಯನ್ನು ಕೈಯಿಂದ ಹೊರಳಿಸಿ, ಹಗಲು ಬೆಳಕಿನಲ್ಲಿ ಆರೂ ಮುಖಗಳನ್ನು ತೋರಿಸಿದೆ. ಚಕ್ರ ಸುತ್ತಿತು, 99ರಲ್ಲಿ ನಿಂತಿತು, ಮತ್ತೆ ಸುತ್ತಿತು. ಆಮೇಲೆ 46 ತಿರುವುಗಳ ಉತ್ತರ ಕೊಟ್ಟು, ಬಣ್ಣದ ಚೂರುಗಳನ್ನು ಹಾರಿಸಿತು.