ಪಿಕೆಎ ಗುರುತಿಗೆ ಯಾವ ಆರ್ ಒಳ್ಳೇದು? ಮೂರನ್ನೂ ಹಾಕಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ಪಿಕೆಎ (ಪ್ರೋಟೀನ್ ಕೈನೇಸ್ ಎ) ಎಂಜೈಮ್ ಜೀವಕೋಶದಲ್ಲಿ ಎಲ್ಲಿ ಕೂತಿದೆ ಅಂತ ನೋಡುವುದಷ್ಟೇ ನಿಮ್ಮ ಕೆಲಸವಾದರೆ ಆರ್2-ಆಲ್ಫಾ ತೆಗೆದುಕೊಳ್ಳಿ. ಈ ಒಂದು ಮಾತಿಗೆ ಬರೋಕೆ ನನಗೆ ಏಳೆಂಟು ತಿಂಗಳು ಹಿಡಿಯಿತು. ಅದರಲ್ಲಿ ಅರ್ಧ ನನ್ನದೇ ತಪ್ಪುಗಳಿಗೆ ಹೋಯಿತು.

ಪಿಕೆಎ ಅಂದರೆ ಎರಡು ಸಿ, ಎರಡು ಆರ್ ಸೇರಿದ ಜೋಡಣೆ. ದುಡಿಯುವುದು, ಅಂದರೆ ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಹಚ್ಚುವುದು, ಸಿ; ಅದರ ಬಾಯಿ ಮುಚ್ಚಿ ಹಿಡಿದಿರುವ ನಿಯಂತ್ರಕ ಉಪಘಟಕ ಆರ್. ಸೈಕ್ಲಿಕ್ ಎಎಂಪಿ ಎಂಬ ಸಂದೇಶದ ಅಣು ಬಂದು ಆರ್ ಮೇಲೆ ಕೂತರೆ ಆ ಹಿಡಿತ ಸಡಿಲವಾಗುತ್ತದೆ. ಆರ್‌ಗೆ ನಾಲ್ಕು ಜೀನ್‌ಗಳಿವೆ: ಆರ್1-ಆಲ್ಫಾ, ಆರ್1-ಬೀಟಾ, ಆರ್2-ಆಲ್ಫಾ, ಆರ್2-ಬೀಟಾ. ಈ 1, 2 ಬಂದದ್ದು ಪ್ರೋಟೀನ್‌ಗಳನ್ನು ವಿದ್ಯುದಂಶ ನೋಡಿ ಬೇರ್ಪಡಿಸುವ ಡಿಇಎಇ ಸೆಲ್ಯುಲೋಸ್ ಕಾಲಮ್‌ನಿಂದ. ಕಡಿಮೆ ಉಪ್ಪಿಗೇ ಇಳಿದು ಬಂದ ಪಿಕೆಎ 1, ಜಾಸ್ತಿ ಉಪ್ಪು ಕೇಳಿದ್ದು 2. ಆರ್1-ಬೀಟಾ ಹೆಚ್ಚಾಗಿ ನರಕೋಶಗಳ ಸರಕು. ನನ್ನ ಕೈಯಲ್ಲಿದ್ದದ್ದು ಹೀಲಾ ಕೋಶಗಳು (ಲ್ಯಾಬ್‌ನಲ್ಲಿ ಬೆಳೆಸುವ ಮನುಷ್ಯರ ಕ್ಯಾನ್ಸರ್ ಕೋಶಗಳು), ಹಾಗಾಗಿ ಅದನ್ನು ಬಿಟ್ಟೆ. ಉಳಿದ ಮೂರಕ್ಕೂ ಹಸಿರಾಗಿ ಹೊಳೆಯುವ ಜಿಎಫ್‌ಪಿ ಪ್ರೋಟೀನ್ ಅಂಟಿಸಿದೆ, ಅದೂ ಬಾಲದ ಕಡೆಗೆ. ತಲೆಯ ಕಡೆ ಎರಡು ಆರ್‌ಗಳು ಒಂದಕ್ಕೊಂದು ಹೆಣೆದುಕೊಳ್ಳುವ ಭಾಗವಿದೆ. ಆಸರೆ ಪ್ರೋಟೀನ್‌ಗಳಿಗೆ ಕೊಕ್ಕೆ ಹಾಕುವುದೂ ಅದೇ. ಅಲ್ಲಿ ಕೈ ಹಾಕದಿರುವುದು ವಾಸಿ.

ಮೊದಲ ಸಲ ಮೈಕ್ರೋಸ್ಕೋಪ್ ಕೆಳಗೆ ಇಟ್ಟಾಗ ಮೂರೂ ಒಂದೇ ಥರ ಕಂಡವು. ಕೋಶ ಪೂರ್ತಿ ಹಸಿರು. ಇಷ್ಟೇನಾ ಅನ್ನಿಸಿತು. ತಪ್ಪು ಪ್ರೋಟೀನ್‌ನದ್ದಲ್ಲ, ನನ್ನದು. ಪ್ರೋಟೀನ್ ಜಾಸ್ತಿ ಮಾಡಿಸುವ ಗಟ್ಟಿ ಪ್ರೊಮೋಟರ್ (ಜೀನ್‌ನ ಸ್ವಿಚ್) ಹಾಕಿ, ಡಿಎನ್‌ಎ ಕೂಡ ಧಾರಾಳವಾಗಿ ಸುರಿದಿದ್ದೆ. ಕೋಶದಲ್ಲಿ ಆರ್ ಹಿಡಿದುಕೊಳ್ಳುವ ಆಸರೆ ಪ್ರೋಟೀನ್‌ಗಳು, ಅಂದರೆ ಎಕೆಎಪಿಗಳು, ಎಷ್ಟಿವೆಯೋ ಅಷ್ಟೇ. ಕುರ್ಚಿ ತುಂಬಿದ ಮೇಲೆ ಬಂದವರು ಎಲ್ಲೆಂದರಲ್ಲಿ ನಿಲ್ಲುತ್ತಾರೆ, ಅಲ್ವಾ? ಡಿಎನ್‌ಎ ಹತ್ತನೇ ಒಂದು ಭಾಗಕ್ಕೆ ಇಳಿಸಿ, ಮಂಕಾಗಿ ಹೊಳೆಯುವ ಕೋಶಗಳನ್ನೇ ಹುಡುಕಿ ನೋಡಿದೆ. ಆಗ ಮೂರೂ ಬೇರೆ ಬೇರೆ ಕಂಡವು.

ಆರ್2-ಆಲ್ಫಾ ನ್ಯೂಕ್ಲಿಯಸ್ ಪಕ್ಕದಲ್ಲಿ ಒಂದು ಹಸಿರು ಮುದ್ದೆಯಾಗಿ ಕೂತಿತ್ತು. ಗಾಲ್ಜಿಯ ಗುರುತನ್ನು ಕೆಂಪಲ್ಲಿ ಹಾಕಿದರೆ ಅದರ ಜೊತೆಗೇ ಹಳದಿಯಾಯಿತು. ಒಳಗೆ ಸೆಂಟ್ರೋಸೋಮ್ ಇರುವ ಕಡೆ ಇನ್ನೂ ಗಾಢ. ಆರ್ ಮತ್ತು ಎಕೆಎಪಿ ನಡುವಿನ ಕೊಕ್ಕೆ ಬಿಡಿಸುವ ಎಚ್‌ಟಿ31 ಪೆಪ್ಟೈಡ್ ಹಾಕಿದಾಗ ಮುದ್ದೆ ಕರಗಿತು. ಪ್ರೋಲೀನ್ ಸೇರಿಸಿ ಕೆಡಿಸಿದ ಪೆಪ್ಟೈಡ್‌ಗೆ ಅದು ಜಗ್ಗಲಿಲ್ಲ.

ಆರ್1-ಆಲ್ಫಾ ಹಾಗಲ್ಲ. ಅದು ಎಕೆಎಪಿಗಳಿಗೆ ಸಾಮಾನ್ಯವಾಗಿ ಸಡಿಲವಾಗಿ ಅಂಟುತ್ತದೆ. ಬಹುಪಾಲು ಸೈಟೋಪ್ಲಾಸಂ ತುಂಬ ಹರಡಿತ್ತು. ಆದರೆ ಕೆಲವು ಕೋಶಗಳಲ್ಲಿ ಗುಂಡು ಗುಂಡಾದ ಸಣ್ಣ ಚುಕ್ಕಿಗಳು. ಪ್ರೋಟೀನ್ ಜಾಸ್ತಿಯಾಗಿ ಗಂಟು ಕಟ್ಟಿದೆ ಅಂದುಕೊಂಡು ಆ ಕೋಶಗಳನ್ನೆಲ್ಲ ಎಣಿಕೆಯಿಂದ ಕೈಬಿಟ್ಟಿದ್ದೆ. ಆಮೇಲೆ ಓದಿದ್ದು: ಆರ್1-ಆಲ್ಫಾ ಎಣ್ಣೆಹನಿಗಳಂತೆ ಬೇರ್ಪಟ್ಟು, ಸೈಕ್ಲಿಕ್ ಎಎಂಪಿಯನ್ನು ತನ್ನೊಳಗೆ ಕೂಡಿಟ್ಟುಕೊಳ್ಳುತ್ತದೆ ಅಂತ 2020ರಲ್ಲೇ ತೋರಿಸಿದ್ದಾರೆ. ನಾನು ಕಸ ಅಂತ ಬಿಸಾಕಿದ್ದು ಅದೇ.

ಇನ್ನು ಸಿ ಹಿಡಿದುಕೊಳ್ಳುವ ವಿಚಾರ. ಇಲ್ಲಿ ಎಲ್ಲವೂ ಒಂದು ಅಮೈನೋ ಆಮ್ಲದ ಮೇಲೆ ನಿಂತಿದೆ. ಆರ್‌ನ ಒಂದು ತುಂಡು ಸಿಯ ಬಾಯೊಳಗೆ ಹೋಗಿ ಕೂರುತ್ತದೆ. ಫಾಸ್ಫೇಟ್ ಬೀಳಬೇಕಾದ ಜಾಗದಲ್ಲಿ ಆರ್2ಗೆ ಸೀರಿನ್ ಇದೆ, ಆರ್1-ಆಲ್ಫಾಗೆ ಅಲನೈನ್. ಸೀರಿನ್ ಮೇಲೆ ಸಿ ಫಾಸ್ಫೇಟ್ ಹಚ್ಚುತ್ತದೆ, ಅಲನೈನ್ ಮೇಲೆ ಹಚ್ಚೋಕೆ ಆಗುವುದಿಲ್ಲ. ಆರ್1 ಗಟ್ಟಿಯಾಗಿ ಹಿಡಿಯಬೇಕಾದರೆ ಎಟಿಪಿ ಮತ್ತು ಮೆಗ್ನೀಸಿಯಂ ಅಲ್ಲೇ ಸಿಕ್ಕಿಕೊಂಡಿರಬೇಕು. ಇದು ಗೊತ್ತಿಲ್ಲದೆ ನಾನು ಮೆಗ್ನೀಸಿಯಂ ಕಸಿದುಕೊಳ್ಳುವ ಇಡಿಟಿಎ ಇದ್ದ ಬಫರ್‌ನಲ್ಲಿ ಕೋಶ ಒಡೆದು ಪುಲ್‌ಡೌನ್ ಮಾಡಿದೆ, ಅಂದರೆ ಆರ್ ಎಳೆದು ಅದರ ಜೊತೆ ಏನು ಬರುತ್ತದೆ ಅಂತ ನೋಡಿದೆ. ಆರ್2 ಎರಡರ ಜೊತೆಗೂ ಸಿ ಚೆನ್ನಾಗಿ ಬಂತು. ಆರ್1-ಆಲ್ಫಾ ಲೇನ್ ಮಾತ್ರ ಬೋಳು. ಮೀಟಿಂಗ್‌ನಲ್ಲಿ “ಆರ್1 ಹೀಲಾದಲ್ಲಿ ಸಿ ಹಿಡಿಯುವುದೇ ಇಲ್ಲ” ಅಂತ ಧೈರ್ಯವಾಗಿ ಹೇಳಿಯೂ ಬಿಟ್ಟೆ. ಮುಂದಿನ ವಾರ ಇಡಿಟಿಎ ತೆಗೆದು, ಮೆಗ್ನೀಸಿಯಂ-ಎಟಿಪಿ ಹಾಕಿದೆ. ಬ್ಯಾಂಡ್ ಬಂತು. ಹೇಳಿದ ಮಾತು ವಾಪಸ್ ತೆಗೆದುಕೊಳ್ಳಬೇಕಾಯಿತು.

ಅದೇ ಸೀರಿನ್ ಇನ್ನೊಂದು ಕಡೆಯೂ ಕೈಕೊಟ್ಟಿತು. ಫಾಸ್ಫೇಟ್ ಹಚ್ಚಿದ ಆರ್2ಗೆ ಮಾತ್ರ ಅಂಟುವ ಆಂಟಿಬಾಡಿ ಇದೆ. ಸೈಕ್ಲಿಕ್ ಎಎಂಪಿ ಏರಿಸುವ ಫೋರ್ಸ್ಕೋಲಿನ್ ಹಾಕಿ, ಕೋಶಗಳನ್ನು ಫಿಕ್ಸ್ ಮಾಡಿ ನೋಡಿದರೆ ಸಿಗ್ನಲ್ ಝಗ್ ಅಂತ ಏರಿತ್ತು. ಓಹೋ, ಪಿಕೆಎ ಎದ್ದ ಮೇಲೆ ಆರ್2ಗೆ ಫಾಸ್ಫೇಟ್ ಬೀಳುತ್ತದೆ ಅಂದುಕೊಂಡೆ. ಅದೇ ಕೋಶಗಳ ವೆಸ್ಟರ್ನ್ ಬ್ಲಾಟ್ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಬೇರ್ಪಡಿಸಿ, ಮೆಂಬ್ರೇನ್‌ಗೆ ಇಳಿಸಿ, ಆಂಟಿಬಾಡಿಯಿಂದ ಗುರುತಿಸುವ ವಿಧಾನ) ಮಾಡಿದರೆ ಫೋರ್ಸ್ಕೋಲಿನ್ ಹಾಕುವ ಮೊದಲೇ ಬ್ಯಾಂಡ್ ದಪ್ಪಗಿದೆ! ಎರಡು ದಿನ ತಲೆ ಕೆಡಿಸಿಕೊಂಡೆ. ವಿಷಯ ಇಷ್ಟೇ: ಫಾಸ್ಫೇಟ್ ಮೊದಲಿಂದಲೇ ಇರುತ್ತದೆ, ಆದರೆ ಸಿಯ ಬಾಯೊಳಗೆ ಮುಚ್ಚಿಹೋಗಿರುತ್ತದೆ. ಸಿ ಬಿಟ್ಟುಹೋದಾಗ ಆಂಟಿಬಾಡಿಗೆ ಜಾಗ ಕಾಣುತ್ತದೆ. ಬ್ಲಾಟ್‌ನಲ್ಲಿ ಎಲ್ಲ ಬಿಚ್ಚಿಹೋಗಿರುವುದರಿಂದ ಮುಚ್ಚಿಕೊಳ್ಳೋಕೆ ಏನೂ ಉಳಿದಿರುವುದಿಲ್ಲ. ಈಗ ಈ ಆಂಟಿಬಾಡಿ ನನಗೆ ತುಂಬಾ ಇಷ್ಟ. ಎಷ್ಟು ಪಿಕೆಎ ಬಿಚ್ಚಿಕೊಂಡಿದೆ ಅಂತ ಕೋಶ ಕೋಶಕ್ಕೂ ಹೇಳುತ್ತದೆ. ಆರ್1ಗೆ ಈ ಸೌಕರ್ಯ ಇಲ್ಲ.

ಸೂಕ್ಷ್ಮತೆಯಲ್ಲಿ ಆರ್1-ಆಲ್ಫಾ ಮುಂದು. ಶುದ್ಧ ಪ್ರೋಟೀನ್ ಟ್ಯೂಬ್‌ನಲ್ಲಿಟ್ಟು ಅಳೆದರೆ ಅದಕ್ಕೆ ಸುಮಾರು 100 ನ್ಯಾನೋಮೋಲಾರ್ ಸೈಕ್ಲಿಕ್ ಎಎಂಪಿ ಸಾಕು, ಆರ್2-ಬೀಟಾಗೆ ಸುಮಾರು 600 ಬೇಕು. ಸಣ್ಣ ಏರಿಳಿತ ಹಿಡಿಯಬೇಕಾದವರಿಗೆ ಆರ್1-ಆಲ್ಫಾನೇ ಸರಿ.

ಆರ್2-ಬೀಟಾ ನನ್ನ ಕೋಶಗಳಲ್ಲಿ ಹೊಸದೇನೂ ತೋರಿಸಲಿಲ್ಲ. ಅದರ ಮನೆ ಕೊಬ್ಬಿನ ಕೋಶ ಮತ್ತು ಮಿದುಳು. ಈ ಜೀನ್ ತೆಗೆದ ಇಲಿಗಳು ಕೊಬ್ಬು ತುಂಬಿದ ಆಹಾರ ಕೊಟ್ಟರೂ ದಪ್ಪಗಾಗುವುದಿಲ್ಲ ಅಂತ 1996ರಲ್ಲೇ ವರದಿಯಾಗಿದೆ. ಅಂಥ ಕೋಶಗಳಲ್ಲಿ ಕೆಲಸ ಮಾಡುವವರು ಇದನ್ನು ಬಿಡುವ ಹಾಗಿಲ್ಲ. ಒಂದು ತಾಪತ್ರಯ ಮಾತ್ರ ಇದೆ. ಜೆಲ್‌ನಲ್ಲಿ ಆರ್1-ಆಲ್ಫಾ 50 ಕಿಲೋಡಾಲ್ಟನ್ ಗುರುತಿನ ಸ್ವಲ್ಪ ಕೆಳಗೆ ನಿಲ್ಲುತ್ತದೆ, ಆರ್2 ಎರಡೂ ಸ್ವಲ್ಪ ಮೇಲೆ ಹೆಚ್ಚುಕಡಿಮೆ ಒಂದೇ ಕಡೆ. ಆಂಟಿಬಾಡಿ ಎರಡಕ್ಕೂ ಅಂಟಿದರೆ ಯಾವುದು ಯಾವುದು ಅಂತ ಹೇಳೋಕೆ ಆಗುವುದಿಲ್ಲ.

ಕೊನೆಗೆ ಒಂದೊಂದನ್ನೇ ಕಡಿಮೆ ಮಾಡಿ ನೋಡೋಣ ಅಂತ ಎಸ್‌ಐಆರ್‌ಎನ್‌ಎ (ಬೇಕಾದ ಒಂದು ಪ್ರೋಟೀನ್‌ನ ತಯಾರಿ ತಗ್ಗಿಸುವ ಸಣ್ಣ ಆರ್‌ಎನ್‌ಎ) ಹಾಕಿದೆ. ಆರ್2-ಆಲ್ಫಾ ಚೆನ್ನಾಗಿ ಇಳಿಯಿತು. ಇನ್ನು ಸಿಗೆ ಲಂಗುಲಗಾಮು ಇರುವುದಿಲ್ಲ ಅಂತ ಕಾದೆ. ಏನೂ ಆಗಲಿಲ್ಲ. ಸುಮ್ನೆ ಇರಲಿ ಅಂತ ಅದೇ ಮೆಂಬ್ರೇನ್‌ಗೆ ಆರ್1-ಆಲ್ಫಾ ಆಂಟಿಬಾಡಿ ಹಾಕಿದೆ. ಆರ್2 ಮಾಯವಾದ ಲೇನ್‌ಗಳಲ್ಲೇ ಆರ್1-ಆಲ್ಫಾ ದಪ್ಪಗಾಗಿತ್ತು. ಒಂಟಿ ಆರ್1-ಆಲ್ಫಾ ಬೇಗ ಕರಗಿಹೋಗುತ್ತದೆ, ಸಿ ಜೊತೆ ಸಿಕ್ಕರೆ ಹೆಚ್ಚು ಕಾಲ ಉಳಿಯುತ್ತದೆ. ಆರ್2 ಬಿಟ್ಟ ಸಿಗಳನ್ನೆಲ್ಲ ಅದು ಹಿಡಿದುಕೊಂಡು ಕೂತಿತ್ತು. ಆರ್1-ಆಲ್ಫಾ ಇಲ್ಲದ ಇಲಿ ಭ್ರೂಣ ಮಾತ್ರ ಯಾಕೆ ಬದುಕುವುದಿಲ್ಲ ಅಂತ ಆವತ್ತು ಆ ಮೆಂಬ್ರೇನ್ ನೋಡುವಾಗ ಹೊಳೆಯಿತು. ಈಗ ಯಾವ ಆರ್ ಇಳಿಸಿದರೂ ಆರ್1-ಆಲ್ಫಾ ಬ್ಲಾಟ್ ಆಗುವ ತನಕ ಯಾರಿಗೂ ಏನೂ ಹೇಳುವುದಿಲ್ಲ, ಮೀಟಿಂಗ್‌ನಲ್ಲಂತೂ ಬಿಲ್ಕುಲ್ ಇಲ್ಲ.