ಪೈಥಾನ್‌ನಲ್ಲಿ ಪಾತ್ ಜೋಡಿಸುವ ಮೂರು ದಾರಿ: ನನ್ನ ಓಟು ಪಾತ್‌ಲಿಬ್‌ಗೆ

ವೀರಗಲ್ಲು, ಶಾಸನಗಳ ಫೋಟೋ ಇಡುವ ಪುಟ್ಟ ಜಾಲತಾಣವೊಂದನ್ನು ನಾವು ಕೆಲವರು ಸೇರಿ ನಡೆಸುತ್ತಿದ್ದೇವೆ. ಅದರ ಕೋಡ್ ನನ್ನ ಕೈಗೆ ಬಂದಾಗ ಫೈಲ್ ಪಾತ್‌ಗಳೆಲ್ಲ (ಫೈಲ್ ಯಾವ ಫೋಲ್ಡರ್‌ನಲ್ಲಿದೆ ಎನ್ನುವ ವಿಳಾಸಗಳು) ಪ್ಲಸ್ ಚಿಹ್ನೆ ಹಾಕಿ ಅಂಟಿಸಿದ ಸ್ಟ್ರಿಂಗ್‌ಗಳು, ಅಂದರೆ ಬರೀ ಅಕ್ಷರಗಳ ಸಾಲುಗಳು. ಮೊದಲು ಅವನ್ನು ಓಎಸ್.ಪಾತ್‌ಗೆ ಬದಲಿಸಿ ನೋಡಿದೆ, ಆಮೇಲೆ ಪೂರ್ತಿಯಾಗಿ ಪಾತ್‌ಲಿಬ್‌ಗೆ ಬಂದೆ. ಎರಡೂ ಪಾತ್ ಕೆಲಸಕ್ಕೆಂದೇ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೆ ಬರುವ ಮಾಡ್ಯೂಲ್‌ಗಳು. ಈಗ ಹೊಸದಾಗಿ ಏನೇ ಬರೆದರೂ ಪಾತ್‌ಲಿಬ್‌ನಲ್ಲೇ ಬರೆಯುತ್ತೇನೆ. ಮೂರನ್ನೂ ಅದೇ ಕೋಡ್‌ನಲ್ಲಿ, ಅದೇ ಫೋಟೋಗಳ ಮೇಲೆ ಬಳಸಿ ನೋಡಿದ್ದರಿಂದ ಈ ಹೋಲಿಕೆ.

ಪ್ಲಸ್ ಹಾಕಿ ಅಂಟಿಸುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲೋ ಒಂದು ಸ್ಲ್ಯಾಶ್ ತಪ್ಪುತ್ತದೆ, ಇನ್ನೆಲ್ಲೋ ಎರಡು ಬೀಳುತ್ತವೆ. ಬಿಟ್ಟುಬಿಡಿ.

ಓಎಸ್.ಪಾತ್ ಹಳೆಯದು, ಎಲ್ಲ ಪೈಥಾನ್‌ನಲ್ಲೂ ಇದೆ. ಪಾತ್‌ಲಿಬ್ ಬಂದದ್ದು 2014ರಲ್ಲಿ, ಪೈಥಾನ್ 3.4ರ ಜೊತೆ. ಆದರೆ ಫೈಲ್ ತೆರೆಯುವ ಓಪನ್‌ನಂಥ ಫಂಕ್ಷನ್‌ಗಳು ಪಾತ್‌ಲಿಬ್ ಕಟ್ಟಿಕೊಡುವ ಪಾತ್ ಆಬ್ಜೆಕ್ಟನ್ನು ನೇರವಾಗಿ ತೆಗೆದುಕೊಳ್ಳತೊಡಗಿದ್ದು 2016ರ 3.6ರಿಂದ. ಪಾತ್‌ಲಿಬ್ ಎಂದರೆ ಕಿರಿಕಿರಿ ಎನ್ನುವವರಲ್ಲಿ ಅನೇಕರು ನಡುವಿನ ಆ ಕಾಲದಲ್ಲಿ ಬಳಸಿ ಕೈಬಿಟ್ಟವರು. ಅಂಥವರು ಈಗ ಇನ್ನೊಮ್ಮೆ ಬಳಸಿ ನೋಡಲಿ ಎಂಬುದು ನನ್ನ ಆಸೆ.

ಇನ್ನು ನನ್ನನ್ನು ಪಾತ್‌ಲಿಬ್ ಕಡೆಗೆ ತಳ್ಳಿದ ತೊಡಕು. ನಮ್ಮಲ್ಲಿ ಎರಡು ಫೋಲ್ಡರ್ ಅಕ್ಕಪಕ್ಕದಲ್ಲಿವೆ: ಎಲ್ಲರೂ ನೋಡಬಹುದಾದ /ದತ್ತ/ಚಿತ್ರ, ಜಮೀನಿನ ಮಾಲೀಕರ ವಿವರ ಇರುವ /ದತ್ತ/ಚಿತ್ರ-ಖಾಸಗಿ. ಬ್ರೌಸರ್‌ನಿಂದ ಬಂದ ಫೈಲ್ ಹೆಸರನ್ನು ಮೊದಲನೆಯ ಫೋಲ್ಡರ್‌ಗೆ ಜೋಡಿಸಿ, ಓಎಸ್.ಪಾತ್‌ನ ನಾರ್ಮ್‌ಪಾತ್‌ನಲ್ಲಿ ಎರಡು ಚುಕ್ಕಿಗಳನ್ನು ('ಒಂದು ಫೋಲ್ಡರ್ ಮೇಲಕ್ಕೆ' ಎಂದು ಅರ್ಥ) ಬಿಡಿಸಿ, ಸಿಕ್ಕ ಪಾತ್ /ದತ್ತ/ಚಿತ್ರ ಎಂದೇ ಶುರುವಾಗುತ್ತದೆಯೇ ಎಂದು ಸ್ಟಾರ್ಟ್ಸ್‌ವಿತ್‌ನಿಂದ ನೋಡುವುದು ವಾಡಿಕೆಯ ಕಾವಲು. ಓದಿದರೆ ಸರಿಯಾಗಿಯೇ ಕಾಣುತ್ತದೆ. ಈಗ ಯಾರಾದರೂ ../ಚಿತ್ರ-ಖಾಸಗಿ/ಪಟ್ಟಿ ಎಂದು ಕೇಳಿದರು ಎನ್ನಿ. ಬಿಡಿಸಿದ ಮೇಲೆ ಸಿಗುವುದು /ದತ್ತ/ಚಿತ್ರ-ಖಾಸಗಿ/ಪಟ್ಟಿ. ಅದೂ /ದತ್ತ/ಚಿತ್ರ ಎಂದೇ ಶುರುವಾಗುತ್ತದೆ! ಕಾವಲು ಬಾಗಿಲು ತೆರೆದುಬಿಡುತ್ತದೆ.

ಓಎಸ್.ಪಾತ್‌ನಲ್ಲಿ ಕಾಮನ್‌ಪ್ರಿಫಿಕ್ಸ್ ಎಂಬ ಫಂಕ್ಷನ್ ಇದೆಯಲ್ಲ, ಅದೂ ಈ ಕೆಲಸಕ್ಕೆ ಬರುವುದಿಲ್ಲ. ಅದು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ, ಫೋಲ್ಡರ್‌ಗೆ ಫೋಲ್ಡರ್ ಅಲ್ಲ. ಸರಿಯಾದದ್ದು 3.5ರಲ್ಲಿ ಬಂದ ಕಾಮನ್‌ಪಾತ್. ಅದರ ಜೊತೆಗೆ, ಸಿಮ್‌ಲಿಂಕ್ (ಬೇರೆ ಫೈಲ್ ಅಥವಾ ಫೋಲ್ಡರ್‌ಗೆ ಕೈತೋರುವ ಕೊಂಡಿ) ಬಿಡಿಸಲು ನಾರ್ಮ್‌ಪಾತ್ ಬದಲು ರಿಯಲ್‌ಪಾತ್ ಬೇಕು. ಎರಡನ್ನೂ ನೆನಪಿಟ್ಟು ಬಳಸಿದರೆ ಓಎಸ್.ಪಾತ್‌ನಲ್ಲೂ ಗಟ್ಟಿ ಕಾವಲು ಕಟ್ಟಬಹುದು. ಆದರೆ ಬಿಡುವಾದಾಗ ಬಂದು ಕೋಡ್ ಮುಟ್ಟುವ ನಮ್ಮಂಥವರ ತಂಡದಲ್ಲಿ ಅದನ್ನು ಯಾರು ನೆನಪಿಡುತ್ತಾರೆ?

ಪಾತ್‌ಲಿಬ್‌ನಲ್ಲಿ ಪಾತ್ ಎಂದರೆ ತುಂಡುಗಳ ಸಾಲು, ಅಕ್ಷರಗಳ ಸಾಲಲ್ಲ. ರಿಸಾಲ್ವ್ ಮಾಡಿ (ಎರಡು ಚುಕ್ಕಿ, ಸಿಮ್‌ಲಿಂಕ್ ಎಲ್ಲ ಬಿಡಿಸಿ), ಆಮೇಲೆ 3.9ರಲ್ಲಿ ಬಂದ ಈಸ್_ರಿಲೇಟಿವ್_ಟು ಮೂಲಕ 'ಇದು ಆ ಫೋಲ್ಡರ್‌ನ ಒಳಗಿದೆಯೇ' ಎಂದು ಕೇಳಿದರೆ, 'ಚಿತ್ರ' ಬೇರೆ, 'ಚಿತ್ರ-ಖಾಸಗಿ' ಬೇರೆ ಎಂದು ಅದಕ್ಕೇ ಗೊತ್ತಾಗುತ್ತದೆ. ಎರಡು ಸಾಲಿನಲ್ಲಿ ಕೆಲಸ ಮುಗಿಯಿತು. ಒಂದು ಎಚ್ಚರ ಮಾತ್ರ ಬೇಕು: ರಿಸಾಲ್ವ್ ಮೊದಲು, ಪ್ರಶ್ನೆ ಆಮೇಲೆ. ಈ ಪ್ರಶ್ನೆ ಡಿಸ್ಕ್ ನೋಡುವುದಿಲ್ಲ, ಎರಡು ಚುಕ್ಕಿಗಳನ್ನು ಬಿಡಿಸುವುದೂ ಇಲ್ಲ. ಹಿಂದುಮುಂದಾದರೆ ರಕ್ಷಣೆ ಸೊನ್ನೆ.

ಬಲಗಡೆಯ ಹೆಸರು ಸ್ಲ್ಯಾಶ್‌ನಿಂದಲೇ ಶುರುವಾದರೆ ಎಡಗಡೆಯದನ್ನು ಪೂರ್ತಿ ಬಿಸಾಡುವ ಗುಣ ಓಎಸ್.ಪಾತ್, ಪಾತ್‌ಲಿಬ್ ಎರಡರಲ್ಲೂ ಇದೆ. ಅಪ್‌ಲೋಡ್ ಫೋಲ್ಡರ್‌ಗೆ /ಇಟಿಸಿ/ಪಾಸ್‌ವರ್ಡ್ ಎಂದು ಜೋಡಿಸಿದರೆ ಬರುವುದು ಬರೀ /ಇಟಿಸಿ/ಪಾಸ್‌ವರ್ಡ್. ಮೇಲಿನ ಎರಡು ಸಾಲು ಅದನ್ನೂ ಹಿಡಿಯುತ್ತವೆ.

ಕನ್ನಡ ಹೆಸರಿನ ಫೈಲ್‌ಗಳ ವಿಷಯದಲ್ಲಿ ಮಾತ್ರ ಯಾವ ಆಯ್ಕೆಯೂ ಗೆಲ್ಲಲಿಲ್ಲ. 'ಕೋಟೆ' ಎಂಬುದು ಯೂನಿಕೋಡ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಸಂಕೇತ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಅದರ ಓಕಾರವನ್ನು ಮೂರಾಗಿ ಒಡೆದು ಆರು ಸಂಕೇತವಾಗಿ ಇಡುತ್ತದೆ. ಕಣ್ಣಿಗೆ ಎರಡೂ ಒಂದೇ, ಲಿನಕ್ಸ್ ಸರ್ವರ್‌ಗೆ ಬೇರೆ ಬೇರೆ ಫೈಲ್. ಫೋಟೋ ಕಣ್ಣೆದುರಿಗೇ ಇದೆ, ಸರ್ವರ್ ಮಾತ್ರ ಇಲ್ಲ ಎನ್ನುತ್ತದೆ. ಹೆಸರು ಒಳಬರುವ ಜಾಗದಲ್ಲೇ ಯೂನಿಕೋಡ್‌ಡೇಟಾದ ನಾರ್ಮಲೈಸ್ ಹಾಕಿ ಎನ್‌ಎಫ್‌ಸಿ ರೂಪಕ್ಕೆ (ಒಡೆದ ಸಂಕೇತಗಳನ್ನು ಕೂಡಿಸಿದ ರೂಪ) ತಂದುಬಿಡಿ.

ಇನ್ನೊಂದು ಸಣ್ಣದು. 'ಕ್ರಿ.ಶ. 1123 ಶಾಸನ' ಎಂಬ ಹೆಸರಿಗೆ ಪಾತ್‌ಲಿಬ್‌ನ ವಿತ್_ಸಫಿಕ್ಸ್ ಬಳಸಿ .ಜೆಪಿಜಿ ಸೇರಿಸಹೋದರೆ ಉಳಿಯುವುದು 'ಕ್ರಿ.ಶ.ಜೆಪಿಜಿ'. ಕೊನೆಯ ಚುಕ್ಕಿಯ ನಂತರದ್ದೆಲ್ಲ ಅದರ ಲೆಕ್ಕದಲ್ಲಿ ಫೈಲ್‌ನ ವಿಧ. ಓಎಸ್.ಪಾತ್‌ನ ಸ್ಪ್ಲಿಟ್‌ಎಕ್ಸ್‌ಟಿ ಕೂಡ ಹೀಗೆಯೇ ಕತ್ತರಿಸುತ್ತದೆ.

ವೆಬ್ ವಿಳಾಸಕ್ಕೆ ಪಾತ್‌ಲಿಬ್ ಬೇಡವೇ ಬೇಡ. ಎಚ್‌ಟಿಟಿಪಿಎಸ್ ಮುಂದಿನ ಎರಡು ಸ್ಲ್ಯಾಶನ್ನು ಅದು ಒಂದಾಗಿಸಿಬಿಡುತ್ತದೆ. ಅಲ್ಲಿಗೆ ಪೈಥಾನ್‌ನದೇ ಯುಆರ್‌ಎಲ್‌ಜಾಯಿನ್ ಸರಿ, ಆದರೆ ಅದರ ನಿಯಮ ಬೇರೆ. /ಹಾಸನ/ಬೇಲೂರು ಎಂಬುದಕ್ಕೆ 'ಶಾಸನ' ಜೋಡಿಸಿದರೆ /ಹಾಸನ/ಶಾಸನ ಬರುತ್ತದೆ, ಬೇಲೂರು ಮಾಯ. ಕೊನೆಗೆ ಸ್ಲ್ಯಾಶ್ ಇದ್ದರೆ ಮಾತ್ರ ಬೇಲೂರು ಉಳಿಯುತ್ತದೆ. ಇದು ದೋಷವಲ್ಲ, ವೆಬ್ ವಿಳಾಸಗಳ ನಿಯಮ ಬರೆದಿಟ್ಟ 2005ರ ಆರ್‌ಎಫ್‌ಸಿ 3986 ಹೇಳುವುದೇ ಹಾಗೆ. ಬಳಕೆದಾರರು ಎರಡು ಸ್ಲ್ಯಾಶ್‌ನಿಂದ ಶುರುವಾಗುವ ತುಂಡು ಕೊಟ್ಟರೆ ವಿಳಾಸ ಬೇರೆ ಸರ್ವರ್‌ಗೇ ತಿರುಗುತ್ತದೆ, ಅದನ್ನು ಮೊದಲೇ ತಡೆಯಬೇಕು.

ವೆಬ್ ವಿಳಾಸದಲ್ಲಿ ಅಕ್ಷರದ ಬದಲು ಬರೆಯುವ ಪರ್ಸೆಂಟ್ ಚಿಹ್ನೆಯ ಸಂಕೇತಗಳನ್ನು ಒಂದೇ ಸಲ ಬಿಡಿಸಬೇಕು, ಬಿಡಿಸಿದ ಮೇಲೆಯೇ ಕಾವಲು ನಡೆಸಬೇಕು. ಇದು ದೊಡ್ಡವರಿಗೂ ಕೈಕೊಟ್ಟ ಜಾಗ. 2021ರಲ್ಲಿ ಅಪಾಚಿ ವೆಬ್ ಸರ್ವರ್‌ನ 2.4.49ನೇ ಆವೃತ್ತಿ %2ಇ ಎಂದು ಬರೆದ ಚುಕ್ಕಿಯನ್ನು ಗುರುತಿಸದೆ ಬಿಟ್ಟಿತು. ತಿದ್ದಿದ 2.4.50, ಎರಡು ಪದರದ (ಸಂಕೇತವನ್ನೇ ಮತ್ತೆ ಸಂಕೇತವಾಗಿಸಿದ) ಬರಹಕ್ಕೆ ಮತ್ತೆ ಸೋತಿತು. 2.4.51 ಬರಬೇಕಾಯಿತು.

ನಾನು ಪಾತ್‌ಲಿಬ್‌ನಲ್ಲೇ ನಿಂತಿರುವುದಕ್ಕೆ ಕಾರಣ ನಮ್ಮ ಪರಿಸ್ಥಿತಿಯೂ ಹೌದು. ಅತಿ ಅಗ್ಗದ ಬಾಡಿಗೆ ಸರ್ವರ್, ಸಂಬಳದ ಕೆಲಸಗಾರರಿಲ್ಲ, ಭದ್ರತಾ ಪರೀಕ್ಷೆಗೆ ಕೊಡಲು ಹಣವಿಲ್ಲ. ಹೊಸಬರು ಬಂದು ಕೋಡ್ ಓದಿದಾಗ ಯಾವುದು ಪಾತ್, ಯಾವುದು ಬರೀ ಸ್ಟ್ರಿಂಗ್ ಎಂದು ತಟ್ಟನೆ ತಿಳಿಯಬೇಕು. ಪಾತ್‌ಲಿಬ್ ಸ್ವಲ್ಪ ನಿಧಾನ ಎಂಬುದು ನಿಜ, ಪ್ರತಿ ಫೈಲ್‌ಗೂ ಒಂದು ಆಬ್ಜೆಕ್ಟ್ ಕಟ್ಟುತ್ತದೆ. ಒಂದು ಫೋಟೋ ಕಳಿಸುವಾಗ ಅದು ಗೊತ್ತೇ ಆಗುವುದಿಲ್ಲ. ರಾತ್ರಿ ಇಡೀ ಸಂಗ್ರಹವನ್ನು ಜಾಲಾಡಿ ಬ್ಯಾಕಪ್ ಪಟ್ಟಿ ಮಾಡುವ ಸ್ಕ್ರಿಪ್ಟ್‌ನಲ್ಲಿ ಮಾತ್ರ ಫೋಲ್ಡರ್‌ನಲ್ಲಿರುವುದನ್ನು ಪಟ್ಟಿಮಾಡುವ ಓಎಸ್.ಸ್ಕ್ಯಾನ್‌ಡಿರ್ ಉಳಿಸಿಕೊಂಡಿದ್ದೇನೆ. ಆ ಸ್ಕ್ರಿಪ್ಟ್‌ಗೆ ಹೊರಗಿನಿಂದ ಯಾವ ಹೆಸರೂ ಬರುವುದಿಲ್ಲ.