ತಾತನ ನೋಟ್‌ಬುಕ್ ಬೈಂಡ್ ಮಾಡಿಸಿದ್ದು: ಮಂಡಿಪೇಟೆ ಬೈಂಡಿಂಗ್ ಅಂಗಡಿ ಬಗ್ಗೆ

ದಾವಣಗೆರೇಲಿ ಹಳೇ ಪುಸ್ತಕ, ಕೈಬರಹ, ದಸ್ತಾವೇಜು ಬೈಂಡ್ ಮಾಡಿಸೋಕೆ ಯಾರನ್ನ ನಂಬಬೋದು ಅಂತ ಹುಡುಕ್ತಿರೋರಿಗೆ ಇದು. ಮಂಡಿಪೇಟೆಲಿ ಒಂದು ಹಳೇ ಬಿಲ್ಡಿಂಗಿನ ಮೇಲಿನ ರೂಮು, ಬೋರ್ಡ್ ಇಲ್ಲ, ಕೆಳಗಡೆ ಕಿರಾಣಿ ಹೋಲ್‌ಸೇಲ್ ಅಂಗಡಿ ಐತೆ, ಬೈಂಡಿಂಗ್ ಅಂದ್ರೆ ಅವ್ರೇ ಮೆಟ್ಲು ತೋರಿಸ್ತಾರೆ. ವಯಸ್ಸಾದೋರು ಒಬ್ರೇ ಕೆಲ್ಸ ಮಾಡೋದು.

ನಾನು ಕೊಟ್ಟಿದ್ದು ನಮ್ಮ ತಾತನ ನೋಟ್‌ಬುಕ್. ತಾತ ತುರುವನೂರು ಕಡೆಯೋರು, 1939ರಲ್ಲಿ ಅಲ್ಲಿ ಈಚಲ ಮರ ಕಡಿದು ಸತ್ಯಾಗ್ರಹ ಮಾಡಿದ್ರಲ್ಲ, ನಿಜಲಿಂಗಪ್ಪನೋರು ಇದ್ದಿದ್ದು, ಅದ್ರಲ್ಲಿ ಇವ್ರೂ ಹೋಗಿದ್ರು. ಆಮೇಲೆ ದಾವಣಗೆರೆಗೆ ಬಂದು ಹತ್ತಿ ದಲಾಲಿ ಮಂಡೀಲಿ ಗುಮಾಸ್ತರಾಗಿ ಇಡೀ ಜೀವಮಾನ ಲೆಕ್ಕ ಬರೆದ್ರು. ಮಂಡಿ ಲೆಕ್ಕದ ಪುಸ್ತಕದಲ್ಲಿ ಉಳಿದ ಖಾಲಿ ಹಾಳೆಗಳ್ನ ಹೊಲ್ಕೊಂಡು ಅದ್ರಲ್ಲಿ ಟೆರೆನ್ಸ್ ಮ್ಯಾಕ್‌ಸ್ವೀನಿ ಅನ್ನೋ ಐರ್ಲೆಂಡಿನ ಮನುಷ್ಯನ ಕಥೆ ಬರೆದಿಟ್ಟಿದ್ರು. ಗಾಂಧಿ, ನೆಹರು ಬಗ್ಗೆ ಬರೆಯೋರು ಇದ್ರು, ಇವ್ರು ಯಾಕೆ ಅಲ್ಲಿಗೆ ಹೋದ್ರು ಅಂತ ನಂಗೆ ಚಿಕ್ಕಂದಿನಿಂದ ಅರ್ಥ ಆಗಿರ್ಲಿಲ್ಲ. ಓದಿದ ಮೇಲೆ ಆಯ್ತು. ಮ್ಯಾಕ್‌ಸ್ವೀನೀನೂ ಹದಿನೈದನೇ ವಯಸ್ಸಿಗೆ ಸ್ಕೂಲ್ ಬಿಟ್ಟು ಕಾರ್ಕ್ ಅನ್ನೋ ಊರಲ್ಲಿ ಲೆಕ್ಕ ಬರೆಯೋ ಕೆಲ್ಸಕ್ಕೆ ಸೇರಿದ್ದು, ಕೆಲ್ಸ ಮಾಡ್ತಾನೇ ಓದಿ 1907ರಲ್ಲಿ ಡಿಗ್ರಿ ತಗೊಂಡಿದ್ದು, ನಾಟಕ ಬರೆದಿದ್ದು. "ಈತನೂ ನಮ್ಮ ಹಾಗೆ ಲೆಕ್ಕದವನು" ಅಂತ ತಾತ ಮೊದಲ್ನೇ ಪುಟದಲ್ಲೇ ಬರೆದವ್ರೆ.

ಮೊದ್ಲು ಇದನ್ನ ಬೇರೆ ಒಂದು ಜೆರಾಕ್ಸ್ ಅಂಗಡಿಗೆ ಕೊಟ್ಟಿದ್ದೆ. ಹೇಳದೆ ಕೇಳದೆ ಎರಡು ಹಾಳೆ ಲ್ಯಾಮಿನೇಷನ್ ಹಾಕಿಬಿಟ್ರು, ಬಿಸಿಗೆ ಮಸಿ ಹರಡಿ ಅರ್ಧ ಪುಟ ಹೋಯ್ತು, ಆವತ್ತು ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ. ಹಳೇ ಮಸಿ ಬರಹ ಇರೋರು ದಯವಿಟ್ಟು ಯಾರಿಗೂ ಲ್ಯಾಮಿನೇಷನ್‌ಗೆ ಕೊಡ್ಬೇಡಿ.

ಇವ್ರ ಕೆಲ್ಸ ಹೆಂಗೆ ಅಂದ್ರೆ, ನಾನು ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಒಂದು ಗಂಟೆ ಕೂತು ನೋಡಿದ್ದೀನಿ. ತುಕ್ಕು ಹಿಡಿದ ಪಿನ್ನುಗಳ್ನ ಎಳೆಯಲ್ಲ, ಬ್ಲೇಡ್ ತುದಿಲಿ ಕಾಲು ಬಿಡಿಸಿ ಎತ್ತುತಾರೆ, ಹಾಳೆ ಹರಿಯಲ್ಲ. ಮೈದಾ ಅಂಟಿಗೆ ಮೈಲುತುತ್ತ ಹಾಕಿ ತಾವೇ ಕಾಯಿಸ್ತಾರೆ, ಹುಳ ಬರಬಾರ್ದು ಅಂತ. ಹರಿದ ಅಂಚಿಗೆ ತೆಳು ಟಿಶ್ಯೂ ಪೇಪರ್, ಸೆಲ್ಲೋಟೇಪ್ ರೂಮಲ್ಲೇ ಇಲ್ಲ. ಹೊಲಿಗೆ ಪೂರ್ತಿ ಕೈಲೇ, ದಾರಕ್ಕೆ ಮೇಣ ಸವರಿ. ಆಮೇಲೆ ಚಪ್ಪಡಿ ಕಲ್ಲು ಹೇರಿ ಎರಡು ದಿನ ಬಿಡ್ತಾರೆ.

ಆದ್ರೆ ನಾನು ಇಷ್ಟುದ್ದ ಬರೀತಿರೋದು ಅದಕ್ಕಲ್ಲ. ಕೊಟ್ಟು ನಾಲ್ಕನೇ ದಿನ ಫೋನ್ ಬಂತು, "49 ಆದ್ಮೇಲೆ ಸೀದಾ 53 ಐತಲ್ರೀ, ನಡುವಿನ ಹಾಳೆ ಎಲ್ಲಿ?" ಅಂತ.

ಅದು ಏನು ಅಂತ ಹೇಳ್ತೀನಿ. ಮ್ಯಾಕ್‌ಸ್ವೀನಿ 1918ರ ಚುನಾವಣೇಲಿ, ಬ್ರಿಟಿಷರಿಂದ ಐರ್ಲೆಂಡಿಗೆ ಸ್ವಾತಂತ್ರ್ಯ ಬೇಕು ಅಂತಿದ್ದ ಶಿನ್ ಫೇನ್ ಪಕ್ಷದಿಂದ ಗೆದ್ದೋರು. 1920ರ ಮಾರ್ಚ್ 20ಕ್ಕೆ ಕಾರ್ಕ್ ಮೇಯರ್ ಆಗಿದ್ದ ಟೋಮಾಸ್ ಮ್ಯಾಕ್‌ಕರ್ಟನ್‌ನ ಅವ್ರ ಮನೇಲೇ ಗುಂಡು ಹೊಡೆದು ಕೊಂದ್ರು, ಆ ಕುರ್ಚಿಗೆ ಇವ್ರು ಬಂದು ಕೂತ್ರು, ಅಂಥಾ ಟೈಮಲ್ಲಿ ಆ ಕುರ್ಚೀಲಿ ಕೂರೋಕೆ ಎಂಥಾ ಎದೆ ಬೇಕು ಯೋಚ್ನೆ ಮಾಡಿ. ಆಗಸ್ಟ್ 12ಕ್ಕೆ ಸಿಟಿ ಹಾಲ್‌ನಲ್ಲೇ ಅರೆಸ್ಟು, ಮಿಲಿಟರಿ ಕೋರ್ಟಲ್ಲಿ ಎರಡು ವರ್ಷ ಶಿಕ್ಷೆ, ಲಂಡನ್ನಿನ ಬ್ರಿಕ್ಸ್‌ಟನ್ ಜೈಲು. ಅರೆಸ್ಟ್ ಆದಾಗಿಂದ್ಲೇ ಅನ್ನ ಬಿಟ್ರು. ಜೀವಂತವೋ ಹೆಣವಾಗೋ ಒಂದು ತಿಂಗಳಲ್ಲಿ ನಾನು ಬಿಡುಗಡೆ ಆಗಿರ್ತೀನಿ ಅಂತ ಕೋರ್ಟಲ್ಲೇ ಹೇಳಿದ್ರು. 74 ದಿನ ನಡೀತು ಅದು. ಅಕ್ಟೋಬರ್ 25ಕ್ಕೆ ಪ್ರಾಣ ಹೋಯ್ತು, ವಯಸ್ಸು 41. ಶವ ಡಬ್ಲಿನ್‌ಗೆ ಹೋದ್ರೆ ಜನ ಸೇರ್ತಾರೆ ಅಂತ ಸರ್ಕಾರ ಸೀದಾ ಕಾರ್ಕ್‌ಗೇ ಹಡಗಲ್ಲಿ ಸಾಗಿಸ್ತು.

ತಾತ ಈ 74 ದಿನಾನೂ ಲೆಕ್ಕದ ಪುಸ್ತಕದ ಥರ ಗೆರೆ ಹಾಕಿ, ಎಡಗಡೆ ದಿನದ ನಂಬರು, ಪಕ್ಕದಲ್ಲಿ ತಾರೀಖು, ಬಲಗಡೆ ಒಂದೊಂದು ಸಾಲು ಬರೆದವ್ರೆ. ಕೆಲವು ದಿನಕ್ಕೆ ಬರೀ "ಊಟ ಇಲ್ಲ" ಅಂತ ಅಷ್ಟೆ. ಕೊನೇಲಿ ನಮ್ಮ ಜತೀನ್ ದಾಸ್ ವಿಷ್ಯ, ಲಾಹೋರ್ ಜೈಲಲ್ಲಿ 63 ದಿನ ಉಪವಾಸ ಮಾಡಿ 1929ರ ಸೆಪ್ಟೆಂಬರ್ 13ಕ್ಕೆ ತೀರಿಹೋದಾಗ ಮ್ಯಾಕ್‌ಸ್ವೀನಿ ಮನೆಯೋರು ಐರ್ಲೆಂಡಿಂದ ದುಃಖಾನೂ ಹೆಮ್ಮೇನೂ ಸೇರಿಸಿ ಟೆಲಿಗ್ರಾಂ ಕಳಿಸಿದ್ರು, ಸ್ವಾತಂತ್ರ್ಯ ಬಂದೇ ಬರುತ್ತೆ ಅಂತ. ಆ ಸಾಲಿನ ಕೆಳಗೆ ತಾತ ಎರಡು ಗೆರೆ ಎಳೆದವ್ರೆ, ಮಂಡೀಲಿ ಲೆಕ್ಕ ಚುಕ್ತಾ ಆದ್ರೆ ಎಳೀತಾರಲ್ಲ ಹಂಗೆ.

ನಾನು ಆ ಪುಟಗಳ್ನ ಎಷ್ಟು ಸಲ ಓದಿದ್ದೀನೋ, ನಡುವೆ ಮೂರು ದಿನ ಇಲ್ಲ ಅನ್ನೋದು ಗಮನಕ್ಕೇ ಬಂದಿರ್ಲಿಲ್ಲ. ಇವ್ರು ಹೊಲಿಯೋ ಮುಂಚೆ ಒಂದೊಂದು ಹಾಳೆ ಜೋಡಿಸ್ತಾ ಎಣಿಸಿದ್ರಂತೆ. ಸಿಗೋವರೆಗೂ ಹೊಲಿಯಲ್ಲ ಅಂದ್ರು. ಮನೆ ಅಟ್ಟ, ಟ್ರಂಕು ಎಲ್ಲಾ ಹುಡುಕಿದೆ, ಹತ್ತು ದಿನ ಆದ್ಮೇಲೆ ದೇವರ ಮನೇಲಿ ಹಳೇ ಪಂಚಾಂಗದ ಒಳಗೆ ಮಡಚಿಟ್ಟಿದ್ದು ಸಿಕ್ತು. 51ನೇ ದಿನದ ಮುಂದೆ ತಾತನ ಅಕ್ಷರ: "ಅಕ್ಟೋಬರ್ 2. ಬಾಪೂ ಹುಟ್ಟಿದ ದಿನ. ಅಲ್ಲಿ ಈತ ಮಲಗಿದ್ದಾನೆ." ಬಹುಶಃ ಅದಕ್ಕೇ ಆ ಹಾಳೆ ದೇವರ ಹತ್ರ ಇಟ್ಟಿದ್ರು ಅನ್ಸುತ್ತೆ, ಕೇಳೋಕೆ ಈಗ ಅವ್ರಿಲ್ಲ.

ತೊಂದ್ರೆಗಳೂ ಹೇಳ್ಬೇಕು. ಹತ್ತು ದಿನ ಅಂದಿದ್ದು ಹಾಳೆ ಸಿಕ್ಕ ಮೇಲೂ ಎಳೆದು ಒಂದು ತಿಂಗಳಾಯ್ತು, ಅರ್ಜೆಂಟ್ ಇರೋರಿಗೆ ಆಗಲ್ಲ. ಫೋನ್‌ಪೇ ಇಲ್ಲ, ಕ್ಯಾಶ್ ತಗೊಂಡು ಹೋಗಿ. ಬೆನ್ನಿನ ಮೇಲೆ ಬಂಗಾರದ ಅಕ್ಷರ ಹಾಕಿಸಿದ್ರೆ ಒತ್ತಕ್ಷರ ಸ್ವಲ್ಪ ಸಣ್ಣಗೆ ಬರುತ್ತೆ, ನನ್ನದ್ರಲ್ಲಿ "ಸ್ವೀ" ವತ್ತು ಕಣ್ಣಿಟ್ಟು ನೋಡ್ಬೇಕು. ಕ್ಯಾಲಿಕೋ ಬಟ್ಟೆ ಮೂರೇ ಬಣ್ಣ: ಕೆಂಪು, ಕಡು ನೀಲಿ, ಹಸಿರು. ನಾನು ಹಸಿರು ಹಾಕಿಸಿದೆ.

450 ರೂಪಾಯಿ ಆಯ್ತು. ಲ್ಯಾಮಿನೇಷನ್ ಆಗಿ ಹಾಳಾದ ಆ ಎರಡು ಹಾಳೇನೂ ಬಿಸಾಡದೆ ಕೊನೇಲಿ ಒಂದು ಜೇಬು ಮಾಡಿ ಅದ್ರೊಳಗೆ ಇಟ್ಟುಕೊಟ್ಟವ್ರೆ, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಬೆಳಗ್ಗೆ ಹನ್ನೊಂದರ ಮೇಲೆ ಹೋಗಿ, ಮಧ್ಯಾಹ್ನ ಎರಡರಿಂದ ನಾಲ್ಕು ಬಾಗಿಲು ಹಾಕಿರುತ್ತೆ.